ಹೇಳದೆ ಹೋದ ಒಂದು ದಿನ

2011ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದಾಗ ನಡೆದ ಪ್ರಸಂಗವೊಂದನ್ನು ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ಸಂಕೋಚದಿಂದ ಮುಂದೂಡುತ್ತಲೇ ಬಂದೆ.

ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಯಜಮಾನರು ಇದ್ದಷ್ಟು ಕಾಲ ಮೈಸೂರಿನ ಬಸ್ಸಿನಲ್ಲಿಯೂ ಟಿಕೆಟ್ಟು ಕೊಳ್ಳುತ್ತಿದ್ದವರು ಅವರೇ. ಅವರು ತೀರಿಕೊಂಡ ಮೇಲೆ ಆ ಹೊಣೆ ಮಗಳದಾಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಆಕೆ ಕೆಲಸಕ್ಕೆ ಹೊರಟ ಮೇಲೆ ಬಡಾವಣೆಯ ಗ್ರಂಥಾಲಯದವರೆಗೆ ನಡೆದು ಬರುವುದಷ್ಟೇ ನನ್ನ ಸಂಚಾರ. ಅಲ್ಲಿ ಒಂದು ದಿನ ಪ್ರವಾಸಿ ತಾಣಗಳ ಕೈಪತ್ರವೊಂದು ಸಿಕ್ಕಿತು. ವೇಲ್ಸ್ ನಾಡಿನ ಪೋವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆಯೆಂದು ಅದರಲ್ಲಿತ್ತು.

ಡೇರೆ ಎಂಬ ಪದ ಕಂಡೊಡನೆ 1986ರ ಒಂದು ಮಧ್ಯಾಹ್ನ ಕಣ್ಣಮುಂದೆ ಬಂದಿತು. ಏಳನೆಯ ತರಗತಿಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ದರಿಯಾ ದೌಲತ್‌ಗೆ ಹೋಗಿದ್ದೆ. 1780ರ ಪೊಳ್ಳಿಲೂರು ಯುದ್ಧದ ಚಿತ್ರವಿರುವ ಗೋಡೆಯ ಮುಂದೆ ನಿಂತು ಇಸವಿಗಳನ್ನು ಹೇಳುತ್ತಿದ್ದಾಗ ಒಬ್ಬ ಹುಡುಗ, "ಮಿಸ್, ಯುದ್ಧಕ್ಕೆ ಹೋದಾಗ ಟಿಪ್ಪು ರಾತ್ರಿ ಎಲ್ಲಿ ಮಲಗುತ್ತಿದ್ದ?" ಎಂದು ಕೇಳಿದ. ಉಳಿದವರು ನಕ್ಕರು. ಪಾಠದಲ್ಲಿ ಇರುವುದನ್ನು ಕೇಳು ಎಂದು ಗದರಿದೆ. ಸ್ವಲ್ಪ ಹೊತ್ತಿಗೆ ಅವನು ಸಾಲಿನಲ್ಲಿರಲಿಲ್ಲ. ಹುಡುಕಿದರೆ ನದಿಯ ಕಡೆ ಒಬ್ಬನೇ ಕುಳಿತಿದ್ದ. ಶಾಲೆಗೆ ಮರಳಿದ ಮೇಲೆ ಹೇಳದೆ ಹೋದುದಕ್ಕಾಗಿ ಅಡಿಕೋಲಿನಿಂದ ಹೊಡೆದೆ. ಆ ಬಳಿಕ ವರ್ಷದುದ್ದಕ್ಕೂ ಅವನು ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ರೈಲು ನಿಲ್ದಾಣಕ್ಕೆ ಹೋಗಿ ವೆಲ್ಷ್‌ಪೂಲ್‌ಗೆ ಟಿಕೆಟ್ಟು ತೆಗೆದುಕೊಂಡೆ. ಕಿಟಕಿಯ ಆಚೆ ಕುಳಿತವರಿಗೆ ನನ್ನ ಉಚ್ಚಾರಣೆ ಅರ್ಥವಾಗಲು ಮೂರು ಸಲ ಹೇಳಬೇಕಾಯಿತು! ರೈಲು ಶ್ರೂಸ್‌ಬರಿ ದಾಟಿದ ಮೇಲೆ ಫೋನು ಮನೆಯಲ್ಲೇ ಉಳಿದಿದೆಯೆಂಬುದು ಅರಿವಾಯಿತು. ಕೈಕಾಲು ತಣ್ಣಗಾದವು. ಇಳಿದು ಹಿಂದಿರುಗಬಹುದಿತ್ತು, ಇಳಿಯಲಿಲ್ಲ. ವೆಲ್ಷ್‌ಪೂಲ್‌ನ ಫಲಕದಲ್ಲಿ ಇಂಗ್ಲಿಷಿನೊಡನೆ ವೆಲ್ಷ್ ಭಾಷೆಯ ಹೆಸರೂ ಇತ್ತು. ಅದನ್ನು ಓದಲಾಗದಿದ್ದರೂ ಏಕೋ ಸಂತೋಷವಾಯಿತು. ಊರಿನಿಂದ ಕೋಟೆಗೆ ನಡೆದೇ ಹೋದೆ. ಕೆಂಪು ಕಲ್ಲಿನ ಕಟ್ಟಡ, ಮೆಟ್ಟಿಲು ಮೆಟ್ಟಿಲಾದ ತೋಟ. ಅಲ್ಲಿ ಒಂದು ನವಿಲು ಕೂಗಿತು. ಆ ಇಡೀ ದಿನದಲ್ಲಿ ನನಗೆ ಪೂರ್ತಿ ಅರ್ಥವಾದ ಭಾಷೆ ಅದೊಂದೇ.

ಒಳಗೆ ಆ ಬಟ್ಟೆ ಇತ್ತು. ರೇಷ್ಮೆ, ಜರಿಗಳನ್ನು ನಿರೀಕ್ಷಿಸಿದ್ದೆ. ಅದು ಹೂಗಿಡಗಳ ಚಿತ್ತಾರವಿದ್ದ ಹತ್ತಿಬಟ್ಟೆ. ಟಿಪ್ಪುವಿನ ಸಿಂಹಾಸನದಿಂದ ಕಿತ್ತ ಚಿನ್ನದ ಹುಲಿತಲೆಯೊಂದೂ ಅಲ್ಲಿದೆ. ಆದರೆ ನಾನು ನಿಂತದ್ದು ಬಟ್ಟೆಯ ಮುಂದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಕೈ ಸೇರಿತು. ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಮಗ ಈತ. ಹೆಂಡತಿ ಹೆನ್ರಿಯೆಟಾ 1800ರಲ್ಲಿ ನಮ್ಮ ಶ್ರೀರಂಗಪಟ್ಟಣವನ್ನು ನೋಡಿ ಹೋದವಳು. ಮುಂದೆ ಆ ಮನೆತನದವರು ತೋಟದ ಔತಣಗಳಿಗೆ ಈ ಡೇರೆಯನ್ನು ಹಾಕಿಸುತ್ತಿದ್ದರಂತೆ. ಇದನ್ನು ತಿಳಿದಾಗ ಉಂಟಾದ ಸಂಕಟವನ್ನು ಹೇಗೆ ಬರೆಯಲಿ? "ಎಲ್ಲವನ್ನೂ ದೋಚಿಕೊಂಡು ಹೋದರು" ಎಂದು ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಆ 'ಎಲ್ಲ' ಎಂದರೆ ಏನೇನು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ವಿಚಾರಿಸಿದ್ದವನು ಹನ್ನೆರಡು ವರ್ಷದ ಆ ಹುಡುಗ.

ಹಿಂದಿರುಗುವ ರೈಲು ತಪ್ಪಿಹೋಗಿ, ಮುಂದಿನದಕ್ಕಾಗಿ ಬಹಳ ಹೊತ್ತು ಕಾದೆ. ಮನೆ ಸೇರಿದಾಗ ರಾತ್ರಿ ಎಂಟು ಗಂಟೆ. ಮಗಳು ಬಾಗಿಲಲ್ಲೇ ನಿಂತಿದ್ದಳು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. "ಅಮ್ಮಾ, ಒಂದು ಮಾತು ಹೇಳಿ ಹೋಗಬಾರದಿತ್ತೇ?" ಎಂದಳು. ಅಷ್ಟೇ. ಅನ್ನ, ಸಾರು ಬಿಸಿ ಮಾಡಿ ಬಡಿಸಿದಳು. ಆಕೆಯನ್ನು ಅಷ್ಟು ಹೆದರಿಸಿದ್ದು ನನ್ನ ತಪ್ಪು, ಅದರಲ್ಲಿ ಸಂಶಯವಿಲ್ಲ. ಆದರೂ ಹೋದದ್ದಕ್ಕೆ ಪಶ್ಚಾತ್ತಾಪವಿಲ್ಲವೆಂದು ಅಂದು ಅವಳಿಗೆ ಹೇಳಲು ಧೈರ್ಯ ಬರಲಿಲ್ಲ. ಇಂದು ಇಲ್ಲಿ ಓದಿಕೊಳ್ಳಲಿ.

ಆ ಹುಡುಗನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಬರೆಯುವುದಿಲ್ಲ. ಈಗ ಅವನಿಗೂ ತಲೆ ನೆರೆಯುತ್ತಿರಬಹುದು. ಇದನ್ನು ಓದುತ್ತಿದ್ದರೆ ಕೇಳಪ್ಪ: ಇಂಥದೊಂದು ಹೂವಿನ ಬಟ್ಟೆಯ ಡೇರೆಯಲ್ಲಿ ಮಲಗುತ್ತಿದ್ದ. ಅದರ ಚಿತ್ರವಿರುವ ಕಾರ್ಡೊಂದನ್ನು ತಂದಿಟ್ಟಿದ್ದೇನೆ. ಗಂಜಾಂ ಕಡೆ ಬಂದಾಗ ಮನೆಗೆ ಬಾ.