ಗುಂಡ್ಲುಪೇಟೆ ಪಾಸು, ಗುಂಡ್ಲುಪೇಟೆ ಫೇಲು

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಊರಲ್ಲಿ ಯಾರಾದರೂ ಕೇಳಿದರೆ "ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕೋ ಕೆಲಸ" ಅಂತೀನಿ. "ಹಂಗಾದ್ರೆ ನಮ್ಮೂರಲ್ಲಿ ಅರ್ಧ ಜನಕ್ಕೆ ಆ ಕೆಲ್ಸ ಸಿಗ್ಬೇಕಿತ್ತಲ್ಲಪ್ಪ" ಅಂದರು ಒಬ್ಬರು :)

ನಿಜವಾಗಿ ಮಾಡೋದು ಇಷ್ಟು. ಒಂದು ತಂತ್ರಾಂಶವನ್ನು ವಿಂಡೋಸಿನ ಹಳೆಯ ಹೊಸ ಆವೃತ್ತಿಗಳ ಮೇಲೆ, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್‌ಗಳ ಮೇಲೆ ಓಡಿಸಿ ನೋಡಬೇಕು. ಅಷ್ಟು ಕಂಪ್ಯೂಟರ್ ಯಾರು ಕೊಡ್ತಾರೆ? ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತು ವರ್ಚುವಲ್ ಮಷೀನುಗಳನ್ನು ಇಟ್ಟುಕೊಳ್ಳೋದು. ರಾತ್ರಿ ಸ್ಕ್ರಿಪ್ಟ್ ಹಚ್ಚಿ ಮಲಗಿದರೆ ಅದೇ ಒಂದೊಂದನ್ನೂ ಎಬ್ಬಿಸಿ, ಗುಂಡಿ ಒತ್ತಿ, ಬಂದ ಉತ್ತರವನ್ನು ನಾವು ಮೊದಲೇ ಬರೆದಿಟ್ಟ ಉತ್ತರದ ಜೊತೆ ಹೋಲಿಸಿ, ಹಸಿರು ಕೆಂಪು ಹಚ್ಚಿಟ್ಟಿರುತ್ತೆ. ಬೆಳಿಗ್ಗೆ ಕಾಫಿ ಹಿಡಿದು ಕೆಂಪು ಎಲ್ಲೆಲ್ಲಿದೆ ಅಂತ ನೋಡಿದರಾಯಿತು.

ಇದರ ಪಕ್ಕದಲ್ಲೇ ನನ್ನದೊಂದು ಸ್ವಂತ ಹುಚ್ಚು ಇದೆ. ಚಾಮರಾಜನಗರ ಜಿಲ್ಲೆಯ ಊರು, ಬೆಟ್ಟ, ದೇವರ ಹೆಸರುಗಳದ್ದೊಂದು ಪಟ್ಟಿ. ಅದನ್ನು ಎಲ್ಲ ಆವೃತ್ತಿಗಳ ಮೇಲೂ ಓಡಿಸ್ತೀನಿ. 'ಚಾಮರಾಜನಗರ' ಪರೀಕ್ಷೆಗೆ ಏನೇನೂ ಪ್ರಯೋಜನವಿಲ್ಲದ ಹೆಸರು! ಒತ್ತಿಲ್ಲ, ಅರ್ಕಾವತ್ತಿಲ್ಲ, ಎರಡು ದೀರ್ಘ ಬಿಟ್ಟರೆ ಬಾಕಿಯೆಲ್ಲ ಸಲೀಸು. ಫಾಂಟ್ ಒಂದಿದ್ದರೆ ಎಂಥ ಓಬಿರಾಯನ ಕಾಲದ ಸಿಸ್ಟಮ್ಮಿನಲ್ಲೂ ಪಾಸು. ಜಿಲ್ಲಾ ಕೇಂದ್ರ ಪಾಸಾಯಿತು ಅಂತ ಮುಂದೆ ಹೋದರೆ ಗುಂಡ್ಲುಪೇಟೆ ಕಾಲು ಹಿಡಿಯುತ್ತೆ. ಅನುಸ್ವಾರ, ಡಕಾರಕ್ಕೆ ಲ ಒತ್ತು, ಅದರ ಮೇಲೆ ಉಕಾರ, ಆಮೇಲೆ ಪೇ. ಕೊಳ್ಳೇಗಾಲ ಇನ್ನೂ ಒಂದು ಕೈ ಮೇಲು. ಮಹದೇಶ್ವರ ಕೆಲವು ಕಡೆ 'ಮಹದೇಶ್‌ವರ' ಆಗಿಬಿಡ್ತಾನೆ. ಹಿಮವದ್ ಗೋಪಾಲಸ್ವಾಮಿಯನ್ನು ಬಿಡಿಸದೆ ಒಟ್ಟಿಗೆ ಟೈಪಿಸಿದರೆ ದಕಾರದ ಕೆಳಗೆ ಗ ಹೋಗಿ ಕೂತುಕೊಳ್ಳುತ್ತೆ.

ಈ ಹುಚ್ಚಿಗೆ ಒಂದು ಕಾರಣ ಇದೆ. 2011ರಲ್ಲಿ ಗುಂಡ್ಲುಪೇಟೆಯ ನಮ್ಮ ದೊಡ್ಡವ್ವ ಜಮೀನಿನ ತಕರಾರಿಗೆ ಒಂದು ಅರ್ಜಿ ಹಾಕಬೇಕಿತ್ತು. ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿ, ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದರೆ, ಕೌಂಟರಿನಲ್ಲಿದ್ದವರು "ಪಹಣೀಲಿರೋ ಹೆಸರೇ ಬೇರೆ, ಇದೇ ಬೇರೆ" ಅಂತ ವಾಪಸ್ ಕೊಟ್ಟರಂತೆ. ದೊಡ್ಡವ್ವನ ಹೆಸರಿನಲ್ಲಿ ಕ್ಷಕಾರಕ್ಕೆ ಮ ಒತ್ತು ಬರುತ್ತೆ. ಕಾಗದದ ಮೇಲೆ ಅದು ಮೂರು ತುಂಡಾಗಿತ್ತು. ಮತ್ತೆ ಅದೇ ಅಂಗಡಿ, ಅದೇ ಪ್ರಿಂಟು, ಮತ್ತೆ ಬಸ್ಸು, ಮತ್ತೆ ವಾಪಸ್. "ನನ್ ಹೆಸ್ರ ಮುರ್ದಾಕವ್ರೆ ಕನ ಕೂಸು" ಅಂತ ಫೋನ್ ಮಾಡಿದಳು.

ಹೋಗಿ ನೋಡಿದರೆ ವಿಂಡೋಸ್ ಎಕ್ಸ್‌ಪಿ. ಹಳೇ ಬ್ಲಾಗಿಗರಿಗೆ ನೆನಪಿರುತ್ತೆ: ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಚೌಕಕ್ಕೆ ಟಿಕ್, ಕೂಡಲೇ ಅದು ಎಕ್ಸ್‌ಪಿ ಸಿ.ಡಿ. ಕೇಳೋದು, ಆ ಸಿ.ಡಿ. ಯಾರ ಹತ್ತಿರವೂ ಇಲ್ಲದೇ ಇರೋದು... ಇಲ್ಲೂ ಅದೇ ಕಥೆ. ಟಿಕ್ ಹಾಕಿರಲಿಲ್ಲ. ಪೆನ್ ಡ್ರೈವಿನಲ್ಲಿ ಒಂದು ಯೂನಿಕೋಡ್ ಫಾಂಟ್ ತಂದು ಹಾಕಿದ್ದರು. ಅಕ್ಷರ ಮೂಡಿದವು, ಕೂಡಲಿಲ್ಲ.

ನನ್ನನ್ನು ಕಾಡಿದ್ದು ಇದು: ಆ ಕಡತದೊಳಗೆ ದೊಡ್ಡವ್ವನ ಹೆಸರು ಸರಿಯಾಗಿಯೇ ಇತ್ತು. ಒಂದೊಂದು ಸಂಕೇತವೂ ಸರಿ, ಕ್ರಮವೂ ಸರಿ. ಸಾಮಾನ್ಯವಾಗಿ ನಾವು ಬರೆಯುವ ಸ್ಕ್ರಿಪ್ಟು ನೋಡೋದು ಆ ಸಂಕೇತಗಳನ್ನೇ. ಅಂದರೆ ಆ ಕಾಗದಕ್ಕೆ ಅದು ಹಸಿರು ಬಣ್ಣ ಹಚ್ಚುತ್ತಿತ್ತು. ಅಕ್ಷರ ಕೂಡಿಸೋದು ಅದರ ಆಚೆಗಿನ ಕೆಲಸ. ವಿಂಡೋಸಿನಲ್ಲಿ ಅದನ್ನು ಯೂನಿಸ್ಕ್ರೈಬ್ ಅನ್ನೋ ಭಾಗ ಮಾಡುತ್ತಿತ್ತು.

ಇದರ ತದ್ವಿರುದ್ಧದ್ದೂ ಉಂಟು. 'ಗುಂಡ್ಲುಪೇಟೆ'ಯಲ್ಲಿ ಹನ್ನೊಂದು ಸಂಕೇತ. ಆದರೆ ಯೂನಿಕೋಡಿನಲ್ಲಿ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಫೈಲಿನ ಹೆಸರನ್ನು ಹೀಗೆ ಬಿಡಿಸಿ ಇಡುತ್ತಿತ್ತು. ಆಗ ಹನ್ನೆರಡು. ಕಣ್ಣಿಗೆ ಎರಡೂ ಅದೇ ಗುಂಡ್ಲುಪೇಟೆ, ಯಂತ್ರಕ್ಕೆ ಬೇರೆ ಬೇರೆ ಊರು. ಕೆಂಪು!

ಹಾಗಾದರೆ ಪರದೆಯ ಚಿತ್ರವನ್ನೇ ಹೋಲಿಸಿದರೆ? ಎಕ್ಸ್‌ಪಿಯಲ್ಲಿ ತುಂಗಾ ಫಾಂಟು, ವಿಂಡೋಸ್ 8ರಿಂದ ನಿರ್ಮಲಾ. ಬರೆದದ್ದು ಸರಿ ಇದ್ದರೂ ಚಿತ್ರ ಹೊಂದಲ್ಲ, ಎಲ್ಲವೂ ಕೆಂಪು. ನಡುವಿನ ದಾರಿ ಒಂದಿದೆ. ಒಂದೇ ಫಾಂಟನ್ನು ಎರಡು ಕಡೆ ಕೊಟ್ಟು, ಯಾವ ಯಾವ ಅಕ್ಷರರೂಪ ಯಾವ ಕ್ರಮದಲ್ಲಿ ಬಂತು ಅಂತ ಹೋಲಿಸೋದು. ಇವತ್ತು ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಬಳಸುವ ಹಾರ್ಫ್‌ಬಜ್ ಅನ್ನೋ ತಂತ್ರಾಂಶಕ್ಕೆ 2012ರಲ್ಲಿ ಬೆಹ್ದಾದ್ ಎಸ್ಫಹಬೋದ್ ಭಾರತೀಯ ಲಿಪಿಗಳ ಭಾಗ ಬರೆಯುವಾಗ ಮಾಡಿದ್ದು ಇದನ್ನೇ. ವಿಕಿಪೀಡಿಯದಿಂದ ಪದಗಳನ್ನು ಹೆಕ್ಕಿ, ಕನ್ನಡದ್ದೇ ಸುಮಾರು ಒಂಬತ್ತೂವರೆ ಲಕ್ಷ, ತನ್ನ ಉತ್ತರವನ್ನು ವಿಂಡೋಸಿನ ಉತ್ತರದ ಜೊತೆ ಹೋಲಿಸುತ್ತಾ ಹೋದರು. ಕೊನೆಗೆ ಹೊಂದದೆ ಉಳಿದದ್ದು ಕೆಲವೇ ನೂರು. ಕನ್ನಡ ವಿಕಿಪೀಡಿಯಕ್ಕೆ ಪುಕ್ಕಟೆ ದುಡಿದ ನಮ್ಮ ಗೆಳೆಯರಿಗೆ ಇದು ಗೊತ್ತಿದೆಯೋ ಇಲ್ಲವೋ!

ನನಗೆ ಇದರಲ್ಲಿ ಖುಷಿಯ ಜೊತೆ ಒಂದು ಕಿರಿಕಿರಿಯೂ ಇದೆ. ಅಳತೆಗೋಲು ವಿಂಡೋಸ್. ಅದೇ ಎಲ್ಲಾದರೂ ತಪ್ಪಿದ್ದರೆ? 'ರ‍್ಯಾಂಕ್' ನೋಡಿ. ಬರೀ ರ, ಹಲಂತ, ಯ ಕೊಟ್ಟರೆ ಸೂರ್ಯನ ಅರ್ಕಾವತ್ತು ಬರುತ್ತೆ. ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಹಲಂತದ ಮೊದಲು ಅನ್ನುತ್ತೆ ಯೂನಿಕೋಡ್. ನಮ್ಮಲ್ಲಿ ಬಹಳ ಜನ ಹಲಂತದ ಆಮೇಲೆ ಹಾಕಿ ವರ್ಷಗಟ್ಟಲೆ ಬರೆದೆವು, ಆಗಿನ ಪರದೆಯಲ್ಲಿ ಅದು ಸರಿ ಕಾಣುತ್ತಿತ್ತಲ್ಲ! ಹಾರ್ಫ್‌ಬಜ್ ಹಳೆಯ ಕ್ರಮ ಸಿಕ್ಕರೆ ತಾನೇ ತಿರುಗಿಸಿಕೊಳ್ಳುತ್ತೆ. ಕನ್ನಡ ಓದುವವರು ಯಾರೋ "ಇದು ಹೀಗಿರಬೇಕು" ಅಂತ ಹೇಳಿದ್ದರಿಂದಲೇ ಅದು ಆಗಿರೋದು. ಒಂಬತ್ತೂವರೆ ಲಕ್ಷ ಪದ ಓಡಿಸಿದ ಯಂತ್ರಕ್ಕೆ ಅದರಲ್ಲಿ ಒಂದನ್ನೂ ಓದಕ್ಕೆ ಬರಲ್ಲ.

ದೊಡ್ಡವ್ವನ ಅರ್ಜಿ ಮೂರನೇ ಸಲಕ್ಕೆ ಹೋಯಿತು, ನನ್ನ ಲ್ಯಾಪ್‌ಟಾಪಿನಿಂದ ಪ್ರಿಂಟಾಗಿ. ಅವಳ ಹೆಸರೂ ಈಗ ನನ್ನ ಪಟ್ಟಿಯಲ್ಲಿದೆ, ಕೊಳ್ಳೇಗಾಲದ ಕೆಳಗೆ. ಈಗ ಆ ಪಟ್ಟಿಗೆ ಗಡಿಯಾಚೆಯ ಹೆಸರುಗಳನ್ನು ಸೇರಿಸ್ತಾ ಇದೀನಿ. ತಾಳವಾಡಿ ಕಡೆಯವರು, ಕಾಸರಗೋಡಿನವರು ಯಾರಾದರೂ ಇದ್ದರೆ, ನಿಮ್ಮೂರಿನ ಅತಿ ಕಷ್ಟದ ಒತ್ತಕ್ಷರ ಇರೋ ಹೆಸರೊಂದನ್ನು ಕಳಿಸಿ. ಸುಲಭದ್ದು ಬೇಡ, ಚಾಮರಾಜನಗರ ಆಗಲೇ ಇದೆ.