ಕಾಲು ಬೆಳೆಯಿತು, ಕಬ್ಬಿಣ ಬೆಳೆಯಲಿಲ್ಲ



ಕಳೆದ ಜಾತ್ರೆಗೆ ಮುನ್ನ ಶ್ರೀಮಠದ ಉಗ್ರಾಣವನ್ನು ತೆಗೆಯಿಸಿ ಕಸ ಹೊಡೆಸುತ್ತಿರುವಾಗ ಹಳೆಯ ಜಮಖಾನೆಗಳ ಅಡಿಯಲ್ಲಿ ಒಂದು ಕ್ಯಾಲಿಪರು ದೊರೆಯಿತು. ಪೋಲಿಯೋದಿಂದ ಬಲಗುಂದಿದ ಕಾಲಿಗೆ ಆಸರೆಯಾಗಿ ಕಟ್ಟುವ ಸಾಧನವದು: ಕಾಲಿನ ಎರಡೂ ಪಕ್ಕಗಳಿಗೆ ಕಬ್ಬಿಣದ ಪಟ್ಟಿಗಳು, ತೊಡೆಗೂ ಮೀನಖಂಡಕ್ಕೂ ತೊಗಲಿನ ಪಟ್ಟಗಳು, ಕೆಳಗೊಂದು ಬೂಟು. ಸೇವಕರು ಅದನ್ನು ಮೋಡಕಾ ಸಾಮಾನಿನಲ್ಲಿ ಹಾಕಲು ಹೊರಟಿದ್ದರು. ನಾವು ತಡೆದೆವು. ಅದಕ್ಕೆ ನಮ್ಮದೊಂದು ತಪ್ಪು ಅಂಟಿಕೊಂಡಿದೆ. ಅದನ್ನು ಈ ತಿಂಗಳು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದಿದ್ದೇವೆ.

1997ನೆಯ ಇಸವಿ. ನಾವು ಪಟ್ಟಕ್ಕೆ ಬಂದು ಬಹಳ ದಿನಗಳಾಗಿರಲಿಲ್ಲ. ಇಂಡಿ ತಾಲ್ಲೂಕಿನ ಭೀಮಾತೀರದ ಹಳ್ಳಿಯಿಂದ ಒಂಬತ್ತು ವರ್ಷದ ಬಾಲಕನೊಬ್ಬ ಪ್ರಸಾದನಿಲಯವನ್ನು ಸೇರಿದನು. ಬಲಗಾಲು ಸೊರಗಿತ್ತು, ಮೊಳಕಾಲನ್ನು ಕೈಯಿಂದ ಒತ್ತಿ ಹಿಡಿದು ನಡೆಯುತ್ತಿದ್ದನು. ಒಂದು ಶಿಬಿರದಲ್ಲಿ ಅವನ ಕಾಲಿನ ಅಳತೆ ತೆಗೆದುಕೊಂಡರು. ಭಕ್ತರೊಬ್ಬರು ಖರ್ಚು ವಹಿಸಿದರು. ಕ್ಯಾಲಿಪರು ಬಂದದ್ದು ಎಂಟು ತಿಂಗಳ ಮೇಲೆ. ಮೊದಲ ದಿನ ಅವನು ಕೈಬಿಟ್ಟು ನಿಂತಾಗ ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ತಿಂಗಳೊಪ್ಪತ್ತಿನಲ್ಲಿ ಅದು ಅವನ ಟ್ರಂಕಿನ ಹಿಂದೆ ಸೇರಿತು.

ನಮಗೆ ಸಿಟ್ಟು ಬಂದಿತು. ಶಿವಯೋಗಮಂದಿರದಲ್ಲಿ ಶಾಸ್ತ್ರವನ್ನೂ ಧಾರವಾಡದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿ ಬಂದಿದ್ದೆವು. ಮಗುವಿನ ಮೊಳಕಾಲನ್ನು ನೋಡುವುದನ್ನು ಎರಡೂ ಕಡೆ ಯಾರೂ ಕಲಿಸಿರಲಿಲ್ಲ. ಇದು ಆಲಸ್ಯವೆಂದೇ ತಿಳಿದೆವು. ಜಾತ್ರೆಗೆ ಆ ದಾನಿಗಳು ಬರುವವರಿದ್ದರು. ಅವರ ಕಣ್ಣಿಗೆ ಬೀಳುವಂತೆ ಜಾತ್ರೆ ಮುಗಿಯುವ ತನಕ ಕ್ಯಾಲಿಪರು ಬಿಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದೆವು. ಹುಡುಗ ತುಟಿಪಿಟಕ್ಕೆನ್ನದೆ ಮೂರು ದಿನ ಕಟ್ಟಿಕೊಂಡನು. ನಾಲ್ಕನೆಯ ದಿನ ದಾಸೋಹದ ಮನೆಯ ತಾಯಿಯೊಬ್ಬರು ಅವನ ಚಣ್ಣದ ಮೇಲಿನ ರಕ್ತದ ಕಲೆ ಕಂಡು ನಮ್ಮ ಬಳಿಗೆ ಕರೆತಂದರು. ಬಿಚ್ಚಿಸಿ ನೋಡಿದರೆ ತೊಡೆಯ ಒಳಮೈ ಉದ್ದಕ್ಕೂ ಸುಲಿದಿತ್ತು. ಏಕೆ ಹೇಳಲಿಲ್ಲವೆಂದು ಕೇಳಿದೆವು.

"ಅಪ್ಪಾರ, ಕಾಲು ಬೆಳದೈತ್ರಿ, ಕಬ್ಬಣ ಬೆಳದಿಲ್ರಿ" ಎಂದನು.

ಆ ವಯಸ್ಸಿನ ಮಗು ವರ್ಷಕ್ಕೆ ಎರಡು ಅಂಗುಲಕ್ಕೂ ಮಿಕ್ಕಿ ಎತ್ತರವಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕಾಲುಗಳದೇ. ಕ್ಯಾಲಿಪರಿನ ಕೀಲು ಮೊಳಕಾಲಿನ ಕೀಲಿಗೆ ಸರಿಯಾಗಿ ಕೂಡಬೇಕು. ಕಾಲು ಬೆಳೆದಂತೆ ಮೊಳಕಾಲು ಮೇಲಕ್ಕೆ ಸರಿಯುತ್ತದೆ, ಕಬ್ಬಿಣದ ಕೀಲು ಇದ್ದಲ್ಲೇ ಇರುತ್ತದೆ. ಆಗ ಕೂಡುವಾಗಲೂ ಏಳುವಾಗಲೂ ಒಂದು ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ಮಡಿಯುತ್ತದೆ. ತೊಡೆಯ ಪಟ್ಟ ಗರಗಸದಂತೆ ಮೇಲೆ ಕೆಳಗೆ ಉಜ್ಜುತ್ತದೆ. ಇನ್ನೊಂದು ಮಾತು. ನಮ್ಮ ಮಕ್ಕಳು ಲಿಂಗಪೂಜೆಗೆ, ಪ್ರಸಾದಕ್ಕೆ, ಪಾಠಕ್ಕೆ ನೆಲದ ಮೇಲೆ ಕೂಡುವವರು. ಬೂಟು ಹಾಕಿಕೊಂಡು ಒಳಗೆ ಬರುವಂತಿಲ್ಲ. ದಿನಕ್ಕೆ ಐದಾರು ಸಲ ಎಲ್ಲ ಪಟ್ಟಗಳನ್ನು ಬಿಚ್ಚಿ ಮತ್ತೆ ಬಿಗಿಯಬೇಕು. ಕುರ್ಚಿಯ ಮೇಲೆ ಕೂಡುವ ನಾಡಿನ ಸಾಧನವನ್ನು ಚಾಪೆಯ ಮೇಲೆ ಕೂಡುವ ಕೂಸಿಗೆ ತೊಡಿಸಿ, ಅದು ಬೇಸತ್ತರೆ ನಾವು ಗದರಿಸಿದೆವು.

ಹರಳಯ್ಯನವರ ಕಥೆಯನ್ನು ಪ್ರವಚನಗಳಲ್ಲಿ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ತೊಡೆಯ ಚರ್ಮವನ್ನು ಕೊಟ್ಟ ತ್ಯಾಗವನ್ನೇ ಬಣ್ಣಿಸಿದೆವು. ಅವರು ದಿನವೂ ಕಾಲುಗಳ ಅಳತೆ ತೆಗೆಯುತ್ತಿದ್ದ ಕಾಯಕದವರೆಂಬುದು ಅಂದೇ ನಮ್ಮ ಮನಸ್ಸಿಗೆ ಹೊಳೆದದ್ದು.

ಮರುದಿನ ಕ್ಯಾಲಿಪರನ್ನು ಊರ ಕಮ್ಮಾರನ ಕುಲುಮೆಗೆ ಒಯ್ಯಿಸಿದೆವು. ಅವನು ತಿರುಗಿಸಿ ಮುರುಗಿಸಿ ನೋಡಿ ನಕ್ಕನು. "ಎತ್ತಿಗೊಂದೊಂದು ನೇಗಿಲಾ ಮಾಡ್ತೀವೇನ್ರೀ ಅಪ್ಪಾರ? ಈಸಿನ ಮ್ಯಾಲ ಹಗ್ಗಾ ಹಿಂದ ಮುಂದ ಸರಸ್ತೀವಿ, ಎಂಥಾ ಎತ್ತಿಗೂ ಹೊಂದತೈತಿ." ಪಕ್ಕದ ಪಟ್ಟಿಗಳನ್ನು ನಡುವೆ ಕತ್ತರಿಸಿ, ಒಂದರ ಮೇಲೊಂದು ಬರುವಂತೆ ಜೋಡಿಸಿ, ಅರ್ಧರ್ಧ ಅಂಗುಲಕ್ಕೆ ತೂತು ಕೊರೆದು ತಿರುಪು ಹಾಕಿದನು. ನಮಗೆ ಪರಮಾನಂದವಾಯಿತು. ಎರಡು ವಾರದಲ್ಲಿ ಒಂದು ತೂತಿನ ಬಳಿ ಪಟ್ಟಿ ಬಾಗಿ ಹುಡುಗ ಮೆಟ್ಟಿಲ ಮೇಲೆ ಬಿದ್ದನು. ದೇವರ ದಯೆ, ಹಣೆ ಒಡೆದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆವು. ಹುಡುಗನನ್ನೂ ಕಮ್ಮಾರನನ್ನೂ ಕೂಡಿಸಿಯೇ ಬೆಂಗಳೂರಿನ ತಜ್ಞರೊಬ್ಬರ ಬಳಿಗೆ ಕಳುಹಿಸಿದೆವು. ಜಯಪುರದಲ್ಲಿ 1968ರ ಸುಮಾರಿಗೆ ವೈದ್ಯರಾದ ಪಿ. ಕೆ. ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಜೊತೆಗೂಡಿಯೇ ನೆಲದ ಮೇಲೆ ಕುಕ್ಕರಿಸಬಲ್ಲ, ಬರಿಗಾಲಲ್ಲಿ ನಡೆಯಬಲ್ಲ ಕೃತಕ ಪಾದವನ್ನು ರೂಪಿಸಿದರಷ್ಟೆ. ತಜ್ಞರು ಕಮ್ಮಾರನನ್ನು ಆದರದಿಂದ ಕೂಡಿಸಿಕೊಂಡು ತಿಳಿಸಿದರು. ತೊಡೆಯೂ ಕೆಳಗಾಲೂ ಬೇರೆ ಬೇರೆ ಬೆಳೆಯುತ್ತವೆ. ಆದ್ದರಿಂದ ಕೀಲಿನ ಮೇಲೊಂದು, ಕೆಳಗೊಂದು, ಹೀಗೆ ಎರಡು ಕಡೆ ಸರಿಸುವ ಏರ್ಪಾಡು ಬೇಕು. ಜೋಡಣೆ ಸಾಕಷ್ಟು ಉದ್ದವಿರಬೇಕು, ಪ್ರತಿಯೊಂದಕ್ಕೂ ಎರಡು ತಿರುಪುಗಳಿರಬೇಕು. ಮೊಳಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಚರ್ಮಕ್ಕೆ ಹತ್ತಿರವೇ ಒಂದು ನರ ಹಾಯ್ದಿದೆ. ಅಲ್ಲಿ ಪಟ್ಟ ಒತ್ತಿದರೆ ಪಾದವೇ ಜೋತುಬೀಳಬಹುದು. ಬೂಟನ್ನು ಪಟ್ಟಿಗೆ ಬೆಸೆಯಬಾರದು. ಹಿಮ್ಮಡಿಯಲ್ಲಿ ಕೊಳವೆಯಿಟ್ಟು ಪಟ್ಟಿಯ ಗುಂಡು ತುದಿಯನ್ನು ಅದರಲ್ಲಿ ಸಿಕ್ಕಿಸಿದರೆ ಸಾಕು, ಬೇಕೆಂದಾಗ ಕಳಚಬಹುದು. ತೊಗಲಿನ ಬಕ್ಕಲಿಗೆ ಬದಲು ವೆಲ್ಕ್ರೋ ಪಟ್ಟಿಯಾದರೆ ಮಗು ತಾನೇ ಬಿಚ್ಚಿ ಕಟ್ಟಿಕೊಳ್ಳುತ್ತದೆ.

ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಉದ್ದ, ಸುತ್ತಳತೆಗಳನ್ನು ಮನೆಯವರು ಸರಿಸಬಹುದು. ಪಾದದ ಕೋನವನ್ನೂ ಕೀಲಿನ ಬಾಗನ್ನೂ ಮುಟ್ಟಕೂಡದು. ಮೊಳಕಾಲು ಸೆಟೆದು ಬಾಗಿ ನಿಂತಿದ್ದರೆ ಅದನ್ನು ಮೊದಲು ವೈದ್ಯರು ನೆಟ್ಟಗೆ ಮಾಡಬೇಕು. ಯಾವ ತಿರುಪಿನಿಂದಲೂ ಆ ಕೆಲಸವಾಗದು. ತಿರುಪು ಹೆಚ್ಚಿದಷ್ಟೂ ತೂಕ ಹೆಚ್ಚು, ಸಡಿಲಾಗುವ ಜಾಗಗಳೂ ಹೆಚ್ಚು.

ತೂಕದ ಮಾತು ಬಂದುದರಿಂದ ಹೇಳುತ್ತೇವೆ. ಅಬ್ದುಲ್ ಕಲಾಮರು ಹೈದರಾಬಾದಿನಲ್ಲಿ ಕ್ಷಿಪಣಿಗಳ ಕೆಲಸದಲ್ಲಿದ್ದಾಗ ಅಲ್ಲಿಯ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯ ಮೂಳೆವೈದ್ಯರೊಬ್ಬರು ಮೂರು ಕಿಲೋ ತೂಕದ ಕ್ಯಾಲಿಪರು ಎಳೆಯುತ್ತಿದ್ದ ಮಕ್ಕಳನ್ನು ಅವರಿಗೆ ತೋರಿಸಿದರು. ಕ್ಷಿಪಣಿಗಾಗಿ ಸಿದ್ಧವಾಗಿದ್ದ ಹಗುರ ವಸ್ತುವಿನಿಂದ 300 ಗ್ರಾಮಿನ ಕ್ಯಾಲಿಪರು ಹುಟ್ಟಿತು. ದೊಡ್ಡ ಉಪಕಾರವದು. ಆದರೂ ಒಂದೇ ಕಾಲಿನ ಅಚ್ಚಿನಲ್ಲಿ ಎರಕವಾದ ಹಗುರ ಸಾಧನ ಮಗುವಿನೊಂದಿಗೆ ಉದ್ದವಾಗದು. ಉದ್ದವಾಗುವುದು ಅಷ್ಟು ಹಗುರವಾಗದು. ಬೆಳೆಯುವ ಮಗುವಿಗೆ ಉದ್ದವಾಗುವುದೇ ಮೇಲೆಂಬುದು ನಮ್ಮ ಅಭಿಪ್ರಾಯ, ತಿಳಿದವರು ತಿದ್ದಬಹುದು.

ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ದೇಶ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಹಾಗೆಂದು ಕ್ಯಾಲಿಪರಿನ ಕಾಲ ಮುಗಿಯಲಿಲ್ಲ. ಅಂದಿನ ಮಕ್ಕಳು ಇಂದು ನಡುವಯಸ್ಸಿನವರು; ಅವರ ಕಾಲು ಬೆಳೆಯದು, ಆದರೆ ಮೈ ದಪ್ಪವಾಗುತ್ತದೆ, ತೆಳ್ಳಗಾಗುತ್ತದೆ. ಸಿಂದಗಿ, ಮುದ್ದೇಬಿಹಾಳಗಳ ಕಡೆಯಿಂದ ಮೆದುಳಿನ ತೊಂದರೆಯಿಂದ ಕಾಲು ಸೆಟೆದ ಮಕ್ಕಳನ್ನೂ, ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿದ ಕೂಸುಗಳನ್ನೂ ತಾಯಂದಿರು ಶ್ರೀಮಠಕ್ಕೆ ಎತ್ತಿಕೊಂಡು ಬರುತ್ತಾರೆ. ಒಳಪಾದದ ಕೂಸಿಗೆ ಪ್ಲಾಸ್ಟರು ಬಿಚ್ಚಿದ ಮೇಲೆ ಎರಡು ಬೂಟುಗಳ ನಡುವೆ ಭುಜದಗಲದ ಒಂದು ಪಟ್ಟಿ ಜೋಡಿಸುತ್ತಾರೆ. ಮೊದಲ ಮೂರು ತಿಂಗಳು ಹಗಲಿರುಳು, ಆಮೇಲೆ ನಾಲ್ಕು ವರ್ಷದವರೆಗೆ ಮಲಗುವಾಗ. ಭುಜ ಅಗಲವಾದಂತೆ ಪಟ್ಟಿಯನ್ನೂ ಸರಿಸಬೇಕು. ಸರಿಸದಿದ್ದರೆ ಕೂಸು ಅಳುತ್ತದೆ, ತಾಯಿ ಕರುಳು ತಡೆಯದೆ ಬಿಚ್ಚಿಡುತ್ತಾಳೆ, ಪಾದ ಮತ್ತೆ ಒಳಕ್ಕೆ ತಿರುಗುತ್ತದೆ. ಆ ತಾಯಿಯನ್ನು ನಾವೀಗ ಗದರಿಸುವುದಿಲ್ಲ. ಪಟ್ಟಿಯನ್ನು ತರಿಸಿ ನೋಡುತ್ತೇವೆ.

ಆ ಬಾಲಕ ಈಗ ಸಿಂದಗಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾನೆ. ಉಗ್ರಾಣದ ಕ್ಯಾಲಿಪರನ್ನು ತೋರಿಸಿದಾಗ ಅದರ ತೂತುಗಳನ್ನು ಬೆರಳಿನಿಂದ ಎಣಿಸಿದನು. ಕೆಳಗೆ ಐದು, ಮೇಲೆ ನಾಲ್ಕು. ಕೊನೆಯ ತೂತಿಗೆ ಬರುವ ವೇಳೆಗೆ ಅವನು ಎಂಟನೆಯ ತರಗತಿಯಲ್ಲಿದ್ದನಂತೆ. ತೊಡೆಯ ಕಲೆ ಇನ್ನೂ ಇದೆ ಎಂದು ನಗುತ್ತ ಹೇಳಿದನು. ನಮಗೆ ನಗಲಾಗಲಿಲ್ಲ.

ನಿಮ್ಮ ಮನೆಗಳ ಅಟ್ಟದ ಮೇಲೆ ಇಂಥ ಬಿಚ್ಚಿಟ್ಟ ಕ್ಯಾಲಿಪರುಗಳಿದ್ದರೆ ಬರುವ ಅಮಾವಾಸ್ಯೆಯಂದು ಶ್ರೀಮಠಕ್ಕೆ ತನ್ನಿರಿ. ತೊಡುವವರನ್ನೂ ಜೊತೆಗೆ ಕರೆತನ್ನಿರಿ. ಕಮ್ಮಾರನ ಮಗನೂ ಅಂದು ಬರುತ್ತಾನೆ, ಅಳತೆಯ ಟೇಪನ್ನು ಸಿಂದಗಿಯ ದರ್ಜಿಯೇ ತರುವನು.