ಕೂಗುವ ಕಾವಲುಗಾರ

ರಾಣೆಬೆನ್ನೂರಿನ ಸುತ್ತ ಗೋವಿನಜೋಳಕ್ಕೆ ಕೃಷ್ಣಮೃಗಗಳ ಕಾಟ. ಹೊಲಕ್ಕೆ ಕಾವಲು ಬೇಕು. ಬೆಂಗಳೂರು ಸೇರಿದ ನನ್ನ ಶಿಷ್ಯನೊಬ್ಬನದೂ ಕಾವಲುಗಾರನನ್ನು ತಿದ್ದುವ ಉದ್ಯೋಗವೇ. 2009ರಲ್ಲಿ ಗೂಗಲ್ ಪ್ರಕಟಿಸಿದ ‘ಗೋ’ ಭಾಷೆಯ ಜಾಲತಾಣಗಳೊಳಗೆ ಕುಳಿತು ಕಳ್ಳರನ್ನು ಹಿಡಿಯುವ ಪ್ರೋಗ್ರಾಮು ಅದು.

“ಕಳ್ಳನ ಆಯುಧ ಏನಪ್ಪಾ?”

“ಒಂದು ಉದ್ಧರಣ ಚಿಹ್ನೆ, ಸರ್.”

ಉತ್ತರಪತ್ರಿಕೆಗಳಲ್ಲಿ ಅದನ್ನು ಹುಡುಕಿಯೇ ನನ್ನ ಕಣ್ಣು ಮಂಜಾದದ್ದು! ಹೆಸರು ಬರೆಯುವ ಜಾಗದಲ್ಲಿ ಅದನ್ನಿಟ್ಟರೆ, ಎಚ್ಚರವಿಲ್ಲದೆ ಕಟ್ಟಿದ ತಾಣ ಮುಂದಿನ ಮಾತನ್ನು ಅಪ್ಪಣೆಯೆಂದು ತಿಳಿದು ಅಂಕಪಟ್ಟಿಯನ್ನೇ ಅಳಿಸೀತು. ಆದರೆ ಚಿಹ್ನೆ ಕಂಡಾಗಲೆಲ್ಲ ಕಾವಲುಗಾರ ಕೂಗಿದರೆ, ಡಿ’ಸೋಜಾ ಎಂಬ ಹುಡುಗಿ ಅರ್ಜಿ ಹಾಕುವುದೆಂತು? ಈಗ ಅವನನ್ನು ದತ್ತಾಂಶದ ಬಾಗಿಲಲ್ಲಿ ಕೂರಿಸಿದ್ದಾರೆ. (ಗೋ ಪ್ರೋಗ್ರಾಮು ಸಿದ್ಧವಾದಮೇಲೆ ಆಳು ಸೇರಿಸುವುದು ಕಷ್ಟ; ಕಟ್ಟುವಾಗಲೇ ಸೇರಿಸಬೇಕು.) ಅಲ್ಲಿ ಅಕ್ಷರ ನೋಡುವುದಿಲ್ಲ, ವಾಕ್ಯದ ಅನ್ವಯ ಬದಲಾಯಿತೇ ಎಂದು ನೋಡುತ್ತಾನೆ. ಡಿ’ಸೋಜಾಳನ್ನು ಒಳಗೆ ಬಿಡುತ್ತಾನೆ.